ಎರಡು ಸಾವಿರ ತಪ್ಪುಗಳ ಅನುವಾದಕ: ವಿಲಿಯಂ ಟಿಂಡೇಲ್

ಒಂದು ಭಾಷೆಯ ಗ್ರಂಥವನ್ನು ಮತ್ತೊಂದು ಭಾಷೆಗೆ ತರುವಾಗ ತಪ್ಪುಗಳು ನುಸುಳುವುದು ಸಹಜ. ಸಾಮಾನ್ಯ ಗ್ರಂಥವಾದರೆ ಮುಂದಿನ ಮುದ್ರಣದಲ್ಲಿ ತಿದ್ದಿಕೊಂಡರೆ ಮುಗಿಯಿತು. ಧರ್ಮಗ್ರಂಥದ ಮಾತು ಹಾಗಲ್ಲ. ಅಲ್ಲಿ ಒಂದು ಶಬ್ದದ ಆಯ್ಕೆ ಅನುವಾದಕನ ಪ್ರಾಣಕ್ಕೇ ಸಂಚಕಾರ ತಂದ ಕಾಲವೊಂದಿತ್ತು. ಇಂಗ್ಲಿಷ್ ಬೈಬಲಿನ ಹಳೆಯ ಅನುವಾದಗಳಲ್ಲಿ ತಪ್ಪುಗಳಿವೆಯೇ ಎಂಬ ಪ್ರಶ್ನೆಯನ್ನು ಇಂದಿಗೂ ಆಸ್ತಿಕರೂ ವಿದ್ವಾಂಸರೂ ಕೇಳುತ್ತಲೇ ಇದ್ದಾರೆ. ಆ ಪ್ರಶ್ನೆಗೆ ಉತ್ತರ ಬಯಸುವವರು ಮೊದಲು ವಿಲಿಯಂ ಟಿಂಡೇಲನ ಜೀವನವನ್ನು ಅರಿಯುವುದು ಒಳಿತೆಂದು ನಮ್ಮ ಭಾವನೆ. ಏಕೆಂದರೆ ಇಂಗ್ಲಿಷ್ ಬೈಬಲಿನ ಗುಣಗಳಿಗೂ ಅದರ ಕೆಲವು ದೋಷಗಳಿಗೂ ಮೂಲಪುರುಷನೆಂದರೆ ಅವನೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಟಿಂಡೇಲನು ಸುಮಾರು 1494ರಲ್ಲಿ ಇಂಗ್ಲೆಂಡಿನ ಪಶ್ಚಿಮ ಭಾಗದ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಜನಿಸಿದನು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ 1512ರಲ್ಲಿ ಬಿ.ಎ., 1515ರಲ್ಲಿ ಎಂ.ಎ. ಪದವಿಗಳನ್ನು ಪಡೆದನು. ಭಾಷೆಗಳನ್ನು ಕಲಿಯುವುದರಲ್ಲಿ ಅವನಿಗಿದ್ದ ಶಕ್ತಿ ಅಸಾಧಾರಣವಾದುದು. ಮುಂದೆ ಅವನನ್ನು ಕಂಡ ಜರ್ಮನ್ ವಿದ್ವಾಂಸರು, ಆತ ಏಳು ಭಾಷೆಗಳನ್ನು ಬಲ್ಲನೆಂದೂ, ಯಾವುದನ್ನು ಆಡಿದರೂ ಅದೇ ಅವನ ತಾಯ್ನುಡಿಯೇನೋ ಎನಿಸುವುದೆಂದೂ ದಾಖಲಿಸಿದ್ದಾರೆ.

ಅಂದಿನ ಇಂಗ್ಲೆಂಡಿನಲ್ಲಿ ಬೈಬಲೆಂದರೆ ಲ್ಯಾಟಿನ್ ಬೈಬಲ್. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮನು ಆರಂಭಿಸಿದ ಅನುವಾದವೇ ‘ವಲ್ಗೇಟ್’ ಎಂಬ ಹೆಸರಿನಿಂದ ಪಶ್ಚಿಮ ಯೂರೋಪಿನಲ್ಲೆಲ್ಲ ಪ್ರಮಾಣಗ್ರಂಥವಾಗಿತ್ತು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫನ ಅನುಯಾಯಿಗಳು ಅದನ್ನು ಇಂಗ್ಲಿಷಿಗೆ ತಂದಿದ್ದರು. ಅದು ಮುದ್ರಣಕ್ಕೆ ಮುಂಚಿನ ಕಾಲ, ಪ್ರತಿಗಳೆಲ್ಲ ಕೈಬರಹದವು. 1409ರಲ್ಲಿ ಧರ್ಮಾಧಿಕಾರಿಗಳು ಅನುಮತಿಯಿಲ್ಲದ ಇಂಗ್ಲಿಷ್ ಅನುವಾದವನ್ನು ನಿಷೇಧಿಸಿದರು. ಮಡಿದು ದಶಕಗಳೇ ಕಳೆದಿದ್ದ ವಿಕ್ಲಿಫನ ಅಸ್ಥಿಗಳನ್ನು 1428ರಲ್ಲಿ ಗೋರಿಯಿಂದ ತೆಗೆಸಿ ಸುಡಲಾಯಿತು.

ವಿಕ್ಲಿಫ್ ಪಂಥದ ಅನುವಾದಕ್ಕೆ ಒಂದು ಮೂಲಭೂತವಾದ ಮಿತಿಯಿತ್ತು. ಅದು ಅನುವಾದದ ಅನುವಾದವಾಗಿತ್ತು. ಲ್ಯಾಟಿನ್ನಿನಲ್ಲಿ ಏನು ತಪ್ಪಿತ್ತೋ ಅದು ಇಂಗ್ಲಿಷಿಗೂ ಇಳಿದು ಬಂದಿತು. ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ವಿಮೋಚನಕಾಂಡದಲ್ಲಿ ಮೋಶೆಯು ಬೆಟ್ಟದಿಂದ ಇಳಿದು ಬರುವಾಗ ಅವನ ಮುಖವು ಪ್ರಕಾಶಿಸುತ್ತಿತ್ತು ಎಂಬ ಅರ್ಥದ ಹೀಬ್ರೂ ಮಾತಿದೆ. ಅಲ್ಲಿನ ಕ್ರಿಯಾಪದಕ್ಕೂ ‘ಕೊಂಬು’ ಎಂಬ ಶಬ್ದಕ್ಕೂ ಧಾತು ಒಂದೇ. ಜೆರೋಮನು ಕೊಂಬಿನ ಅರ್ಥವನ್ನು ಹಿಡಿದನು. ಹೀಗಾಗಿ ವಿಕ್ಲಿಫ್ ಪಂಥದ ಇಂಗ್ಲಿಷಿನಲ್ಲಿಯೂ ಮೋಶೆಗೆ ಕೊಂಬು ಮೂಡಿತು. ರೋಮಿನಲ್ಲಿರುವ ಮೈಕೆಲಾಂಜೆಲೋವಿನ ಮೋಶೆಯ ಶಿಲ್ಪದಲ್ಲಿಯೂ ತಲೆಯ ಮೇಲೆ ಎರಡು ಕೊಂಬುಗಳಿವೆ. ಮೂಲ ಹೀಬ್ರೂವಿನಿಂದ ನೇರವಾಗಿ ಅನುವಾದಿಸಿದ ಟಿಂಡೇಲನು ಆ ಕೊಂಬುಗಳನ್ನು ತೆಗೆದು, ಮುಖದಿಂದ ಕಿರಣಗಳು ಹೊಮ್ಮಿದವೆಂದು ಬರೆದನು.

ಆಶ್ರಯ ಸಿಗದ ಲಂಡನ್

1516ರಲ್ಲಿ ಡಚ್ ವಿದ್ವಾಂಸ ಎರಾಸ್ಮಸನು ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಮುದ್ರಿಸಿ ಪ್ರಕಟಿಸಿದನು. ರೈತನೂ ನೇಕಾರನೂ ತಂತಮ್ಮ ನುಡಿಯಲ್ಲಿ ಧರ್ಮಗ್ರಂಥವನ್ನು ಅರಿಯಬೇಕೆಂಬುದು ಎರಾಸ್ಮಸನ ಆಶಯವಾಗಿತ್ತು. ಆ ಆಶಯವನ್ನು ಇಂಗ್ಲೆಂಡಿನಲ್ಲಿ ಕಾರ್ಯರೂಪಕ್ಕೆ ತರಲು ಹೊರಟವನು ಟಿಂಡೇಲ್. ಆಗ ಅವನು ಗ್ಲಾಸ್ಟರ್‌ಷೈರಿನ ಲಿಟ್ಲ್ ಸಾಡ್ಬರಿಯಲ್ಲಿ ಶ್ರೀಮಂತ ಗೃಹಸ್ಥರೊಬ್ಬರ ಮನೆಯಲ್ಲಿದ್ದನು. ಊಟದ ಪಂಕ್ತಿಯಲ್ಲಿ ನಡೆಯುತ್ತಿದ್ದ ವಾದಗಳಲ್ಲಿ ಪಾದ್ರಿಗಳ ಅಜ್ಞಾನವನ್ನು ಕಂಡು ಬೇಸತ್ತು, ನೇಗಿಲು ಹೊಡೆಯುವ ಹುಡುಗನೂ ಶಾಸ್ತ್ರವನ್ನು ಪಂಡಿತರಿಗಿಂತ ಚೆನ್ನಾಗಿ ಬಲ್ಲವನಾಗುವಂತೆ ಮಾಡುವೆನೆಂದು ಪಣತೊಟ್ಟನೆಂದು ಹೇಳುತ್ತಾರೆ.

ಕಾನೂನನ್ನು ಮುರಿಯುವುದು ಅವನ ಮೊದಲ ಉದ್ದೇಶವಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. 1523ರಲ್ಲಿ ಅವನು ಲಂಡನ್ನಿಗೆ ಹೋಗಿ ಬಿಷಪ್ ಕತ್ಬರ್ಟ್ ಟನ್‌ಸ್ಟಾಲನ ಆಶ್ರಯ ಬೇಡಿದನು. ಟನ್‌ಸ್ಟಾಲ್ ಸ್ವತಃ ಗ್ರೀಕ್ ಬಲ್ಲ ವಿದ್ವಾಂಸ, ಎರಾಸ್ಮಸನ ಸ್ನೇಹಿತ. ಆದರೆ ತನ್ನ ಮನೆಯಲ್ಲಿ ಸ್ಥಳವಿಲ್ಲವೆಂದು ಅವನು ಟಿಂಡೇಲನನ್ನು ಸಾಗಹಾಕಿದನು. ಹಂಫ್ರಿ ಮನ್ಮತ್ ಎಂಬ ಬಟ್ಟೆ ವ್ಯಾಪಾರಿಯು ಆರು ತಿಂಗಳ ಕಾಲ ಊಟ ವಸತಿಗಳನ್ನಿತ್ತು ಸಲಹಿದನು; ಇದಕ್ಕಾಗಿ ಆತ 1528ರಲ್ಲಿ ಸೆರೆಮನೆ ಸೇರಬೇಕಾಯಿತು. ತನ್ನ ಕೆಲಸಕ್ಕೆ ಬಿಷಪ್ಪನ ಮನೆಯಲ್ಲಿ ಮಾತ್ರವಲ್ಲ, ಇಡೀ ಇಂಗ್ಲೆಂಡಿನಲ್ಲಿಯೇ ಎಡೆಯಿಲ್ಲವೆಂದು ಮನಗಂಡ ಟಿಂಡೇಲನು 1524ರಲ್ಲಿ ಸಮುದ್ರ ದಾಟಿ ಜರ್ಮನಿಗೆ ಹೋದನು. ಮತ್ತೆ ಅವನು ತಾಯ್ನಾಡನ್ನು ಕಾಣಲಿಲ್ಲ.

ಬೆಂಕಿಗೆ ಬಿದ್ದ ಗ್ರಂಥ

1525ರಲ್ಲಿ ಕಲೋನ್ ನಗರದಲ್ಲಿ ಹೊಸ ಒಡಂಬಡಿಕೆಯ ಮುದ್ರಣ ಆರಂಭವಾಯಿತು. ವಿರೋಧಿಯೊಬ್ಬನಿಗೆ ಇದರ ಸುಳಿವು ಸಿಕ್ಕಿ ಮುದ್ರಣ ಅರ್ಧದಲ್ಲಿಯೇ ನಿಂತಿತು. ಟಿಂಡೇಲನು ಮುದ್ರಿತ ಹಾಳೆಗಳನ್ನು ಹೊತ್ತುಕೊಂಡು ರೈನ್ ನದಿಯ ಮಾರ್ಗವಾಗಿ ವರ್ಮ್ಸ್ ನಗರಕ್ಕೆ ಪಾರಾದನು. 1526ರಲ್ಲಿ ಅಲ್ಲಿ ಗ್ರಂಥವು ಪೂರ್ಣವಾಗಿ ಹೊರಬಂದಿತು. ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ಬಂದು ಮುದ್ರಣ ಕಂಡ ಪ್ರಥಮ ಹೊಸ ಒಡಂಬಡಿಕೆ ಅದು. ಅಂಗೈಯಗಲದ ಆ ಸಣ್ಣ ಪುಸ್ತಕಗಳು ಬಟ್ಟೆಯ ಮೂಟೆಗಳಲ್ಲಿ ಅಡಗಿ ಇಂಗ್ಲೆಂಡಿನ ಬಂದರುಗಳಿಗೆ ಬಂದಿಳಿದವು. ಸಾವಿರಾರು ಪ್ರತಿಗಳು ಅಚ್ಚಾದವಾದರೂ ಇಂದು ಉಳಿದಿರುವುದು ಮೂರು ಮಾತ್ರ. ಅವುಗಳಲ್ಲೊಂದನ್ನು ಬ್ರಿಟಿಷ್ ಲೈಬ್ರರಿಯು 1994ರಲ್ಲಿ ಹತ್ತು ಲಕ್ಷ ಪೌಂಡುಗಳಿಗೂ ಮಿಗಿಲಾದ ಬೆಲೆ ತೆತ್ತು ಕೊಂಡಿತು.

ಅದೇ 1526ರ ಶರತ್ಕಾಲದಲ್ಲಿ ಬಿಷಪ್ ಟನ್‌ಸ್ಟಾಲನು ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಬಳಿ ಉಪದೇಶ ಮಾಡಿ, ಈ ಅನುವಾದದಲ್ಲಿ 2000 ತಪ್ಪುಗಳನ್ನು ತಾನು ಕಂಡಿರುವುದಾಗಿ ಸಾರಿ, ಪ್ರತಿಗಳನ್ನು ಸುಡಿಸಿದನು. ಈ ಸುಡುವಿಕೆಗೆ ಸಂಬಂಧಿಸಿ ಆ ಕಾಲದ ಚರಿತ್ರಕಾರ ಎಡ್ವರ್ಡ್ ಹಾಲನು ಒಂದು ಸ್ವಾರಸ್ಯಕರ ಪ್ರಸಂಗವನ್ನು ಬರೆದಿದ್ದಾನೆ. ಟನ್‌ಸ್ಟಾಲನು ಆಂಟ್‌ವರ್ಪಿನಲ್ಲಿ ವ್ಯಾಪಾರಿಯೊಬ್ಬನ ಮೂಲಕ ಮಿಕ್ಕ ಪ್ರತಿಗಳನ್ನೆಲ್ಲ ಹಣ ಕೊಟ್ಟು ಕೊಳ್ಳುವ ಏರ್ಪಾಡು ಮಾಡಿದನಂತೆ. ಆ ವ್ಯಾಪಾರಿ ಟಿಂಡೇಲನ ಪರಿಚಿತ. ಬಿಷಪ್ಪನಿಗೆ ಪುಸ್ತಕ ಸಿಕ್ಕಿತು. ವ್ಯಾಪಾರಿಗೆ ಕೃತಜ್ಞತೆ ಸಿಕ್ಕಿತು. ಟಿಂಡೇಲನಿಗೆ ತಿದ್ದಿದ ಮುದ್ರಣಕ್ಕೆ ಬೇಕಾದ ಹಣ ಸಿಕ್ಕಿತು. ತಪ್ಪುಗಳನ್ನು ಸುಡಲೆಂದು ಕೊಟ್ಟ ಹಣವೇ ತಪ್ಪುಗಳನ್ನು ತಿದ್ದಲು ಒದಗಿತು!

ತಪ್ಪೋ, ಆಯ್ಕೆಯೋ?

ಆ 2000 ತಪ್ಪುಗಳು ಯಾವುವು? ಇದರ ಬಗ್ಗೆ ಅತ್ಯಂತ ವಿಸ್ತಾರವಾಗಿ ಬರೆದವನು ಇಂಗ್ಲೆಂಡಿನ ಮಹಾಮೇಧಾವಿ ಸರ್ ಥಾಮಸ್ ಮೋರ್. 1529ರಿಂದ ನಾಲ್ಕಾರು ವರ್ಷಗಳ ಕಾಲ ಅವನೂ ಟಿಂಡೇಲನೂ ಗ್ರಂಥಗಳ ಮೂಲಕ ಕಾದಾಡಿದರು. ಮೋರನ ಆಕ್ಷೇಪವು ಮುಖ್ಯವಾಗಿ ಬೆರಳೆಣಿಕೆಯ ಶಬ್ದಗಳ ಬಗ್ಗೆ. ಗ್ರೀಕಿನ ‘ಎಕ್ಲೇಸಿಯಾ’ ಎಂಬುದಕ್ಕೆ ಟಿಂಡೇಲನು ‘ಚರ್ಚ್’ ಎನ್ನದೆ ‘ಕಾಂಗ್ರಿಗೇಷನ್’, ಅಂದರೆ ಸಭೆ ಎಂದನು. ‘ಪ್ರೆಸ್ಬುಟೆರೊಸ್’ ಎಂಬುದಕ್ಕೆ ‘ಪ್ರೀಸ್ಟ್’ ಎನ್ನದೆ ‘ಸೀನಿಯರ್’, ಅಂದರೆ ಹಿರಿಯ ಎಂದನು. ‘ಮೆಟನೋಯಿಯಾ’ ಎಂಬುದಕ್ಕೆ ಪಾದ್ರಿಯು ವಿಧಿಸುವ ಪ್ರಾಯಶ್ಚಿತ್ತಕರ್ಮ ಎಂಬರ್ಥದ ‘ಪೆನೆನ್ಸ್’ ಎನ್ನದೆ, ಮನಸ್ಸಿನ ಪರಿವರ್ತನೆಯನ್ನು ಸೂಚಿಸುವ ‘ರಿಪೆಂಟೆನ್ಸ್’ ಎಂದನು. ‘ಅಗಾಪೆ’ ಎಂಬುದಕ್ಕೆ ‘ಚಾರಿಟಿ’ ಎನ್ನದೆ ‘ಲವ್’ ಎಂದನು.

ಮೇಲ್ನೋಟಕ್ಕೆ ಇವು ನಿಘಂಟಿನ ಜಗಳಗಳು. ಆದರೆ ಇವುಗಳ ಹಿಂದೆ ಒಂದು ಇಡೀ ವ್ಯವಸ್ಥೆಯೇ ನಿಂತಿತ್ತು. ಮೂಲದಲ್ಲಿರುವುದು ಸಭೆಯೆಂದಾದರೆ ಚರ್ಚಿನ ಅಧಿಕಾರಕ್ಕೆ, ಹಿರಿಯನೆಂದಾದರೆ ಪುರೋಹಿತನ ಪದವಿಗೆ, ಮನಃಪರಿವರ್ತನೆಯೆಂದಾದರೆ ಹಣ ಕೊಟ್ಟು ಪಾಪಪರಿಹಾರ ಪಡೆಯುವ ಪದ್ಧತಿಗೆ ಆಧಾರವೆಲ್ಲಿ? ಮೋರನಿಗೆ ಇದು ಸ್ಪಷ್ಟವಾಗಿ ತಿಳಿದಿತ್ತು. ಟಿಂಡೇಲನಿಗೂ ತಿಳಿದಿತ್ತು. ಟಿಂಡೇಲನ ಆಯ್ಕೆಗಳು ಸಂಪೂರ್ಣ ನಿಷ್ಪಕ್ಷಪಾತವಾಗಿದ್ದುವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಪುಟಗಳ ಅಂಚಿನಲ್ಲಿ ಅವನು ಬರೆದ ಕೆಲವು ಟಿಪ್ಪಣಿಗಳು ಪೋಪನ ಮೇಲೆ ಕಟುವಾಗಿವೆ. ಶತಮಾನಗಳಿಂದ ಜನರ ನಾಲಗೆಯ ಮೇಲಿದ್ದ ಶಬ್ದಗಳನ್ನು ಬದಲಿಸಿದರೆ ಸಾಮಾನ್ಯ ಭಕ್ತನಿಗೆ ಗೊಂದಲವಾಗದೇ ಎಂಬ ಮೋರನ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ಆದಾಗ್ಯೂ ಗ್ರೀಕ್ ಶಬ್ದಗಳ ಮೂಲಾರ್ಥದ ದೃಷ್ಟಿಯಿಂದ ನೋಡಿದರೆ ಈ ನಾಲ್ಕರಲ್ಲಿ ಒಂದನ್ನೂ ತಪ್ಪೆನ್ನಲಾಗದು.

ಟಿಂಡೇಲನ ದೊಡ್ಡತನ ಇರುವುದು ಇಲ್ಲಿಯೇ. ‘ಸೀನಿಯರ್’ ಎಂಬುದು ಒಳ್ಳೆಯ ಇಂಗ್ಲಿಷಲ್ಲವೆಂಬ ಮೋರನ ಟೀಕೆಯನ್ನು ಅವನು ಒಪ್ಪಿಕೊಂಡನು. 1534ರ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ‘ಎಲ್ಡರ್’ ಎಂದು ತಿದ್ದಿದನು. ತನ್ನನ್ನು ಪಾಷಂಡಿಯೆಂದು ಜರೆದವನ ಮಾತಿನಲ್ಲಿಯೂ ಸರಿಯಾದುದನ್ನು ಸ್ವೀಕರಿಸಿದನು. 1526ರ ಆವೃತ್ತಿಯ ಕೊನೆಯಲ್ಲಿಯೇ, ಇದು ಅಪೂರ್ಣವಾದ ಕೆಲಸವೆಂದೂ, ಭಾಷೆಗಳನ್ನು ತನಗಿಂತ ಚೆನ್ನಾಗಿ ಬಲ್ಲವರು ತಿದ್ದಬೇಕೆಂದೂ ಓದುಗರನ್ನು ಬೇಡಿಕೊಂಡಿದ್ದನು. 1534ರಲ್ಲಿ ಅವನು ಮಾಡಿದ ತಿದ್ದುಪಡಿಗಳು ಸಾವಿರಗಳ ಲೆಕ್ಕದಲ್ಲಿವೆ. ಅಂದರೆ ಟನ್‌ಸ್ಟಾಲನು ಎಣಿಸಿದ್ದಕ್ಕಿಂತ ಹೆಚ್ಚಿನ ಲೋಪಗಳನ್ನು ಟಿಂಡೇಲನು ತಾನೇ ಹುಡುಕಿಕೊಂಡನು. ಆದರೆ ಜಾರ್ಜ್ ಜಾಯ್ ಎಂಬ ಜೊತೆಗಾರನು ಅದೇ ವರ್ಷ ತನ್ನ ಒಪ್ಪಿಗೆಯಿಲ್ಲದೆ, ತನ್ನ ಅನುವಾದದಲ್ಲಿ ‘ಪುನರುತ್ಥಾನ’ ಎಂಬ ಅರ್ಥದ ಶಬ್ದವನ್ನು ಕೆಲವೆಡೆ ಬದಲಿಸಿ ಅಚ್ಚು ಹಾಕಿಸಿದಾಗ ಟಿಂಡೇಲನು ಕೆರಳಿದನು. ತಿದ್ದುವುದಾದರೆ ತಿದ್ದಿದವನು ತನ್ನ ಹೆಸರು ಹಾಕಿ ತಿದ್ದಲಿ ಎಂಬುದು ಅವನ ನಿಲುವು. ಬ್ಯಾಂಕಿನ ಲೆಡ್ಜರುಗಳೊಡನೆ ಬಾಳಿದ ನಮಗೆ ಈ ನ್ಯಾಯ ಚಿರಪರಿಚಿತ. ಬರೆದ ಅಂಕಿ ತಪ್ಪಿದ್ದರೆ ಕೆರೆದು ಅಳಿಸುವಂತಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು.

ನಿಜವಾದ ತಪ್ಪುಗಳು

ಹಾಗಾದರೆ ಟಿಂಡೇಲನಲ್ಲಿ ತಪ್ಪುಗಳೇ ಇರಲಿಲ್ಲವೇ? ಇದ್ದುವು. ಆದರೆ ಅಂದಿನ ವಿರೋಧಿಗಳು ಬೆರಳಿಟ್ಟು ತೋರಿಸಿದ ಸ್ಥಳಗಳು ಬೇರೆ, ಇಂದಿನ ವಿದ್ವಾಂಸರು ತೋರಿಸುವ ಸ್ಥಳಗಳು ಬೇರೆ. ಮೊದಲನೆಯದಾಗಿ, ಅವನು ನಂಬಿದ ಎರಾಸ್ಮಸನ ಗ್ರೀಕ್ ಪಾಠವೇ ನಿರ್ದುಷ್ಟವಾಗಿರಲಿಲ್ಲ. ಎರಾಸ್ಮಸನಿಗೆ ದೊರೆತ ‘ಪ್ರಕಟನೆ’ಯ ಹಸ್ತಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಅವನು ಕೊನೆಯ ಆರು ವಚನಗಳನ್ನು ಲ್ಯಾಟಿನ್ನಿನಿಂದ ತಾನೇ ಗ್ರೀಕಿಗೆ ತಿರುಗಿಸಿ ಸೇರಿಸಿದನು. ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ ತ್ರಯೈಕ್ಯವನ್ನು ನೇರವಾಗಿ ಸಾರುವ ಮಾತೊಂದು ಪ್ರಾಚೀನ ಗ್ರೀಕ್ ಪ್ರತಿಗಳಲ್ಲಿ ಇಲ್ಲ. ಎರಾಸ್ಮಸನು ಮೊದಲೆರಡು ಆವೃತ್ತಿಗಳಲ್ಲಿ ಅದನ್ನು ಬಿಟ್ಟು, ಒತ್ತಡಕ್ಕೆ ಮಣಿದು 1522ರ ಮೂರನೆಯ ಆವೃತ್ತಿಯಲ್ಲಿ ಸೇರಿಸಿದನು. ಅಲ್ಲಿಂದ ಅದು ಟಿಂಡೇಲನಿಗೂ, ಮುಂದೆ 1611ರ ಕಿಂಗ್ ಜೇಮ್ಸ್ ಬೈಬಲಿಗೂ ಬಂದಿತು.

ಎರಡನೆಯದಾಗಿ, ಹೀಬ್ರೂ ಕಲಿಕೆ ಅಂದು ಪಶ್ಚಿಮ ಯೂರೋಪಿನಲ್ಲಿ ಶೈಶವದಲ್ಲಿತ್ತು. ಅರಣ್ಯಕಾಂಡದಲ್ಲಿ ಬರುವ ಕಾಡುಕೋಣದಂತಹ ಪ್ರಾಣಿಯನ್ನು ಅವನು ಹಳೆಯ ಸಂಪ್ರದಾಯದಂತೆ ಒಂಟಿಕೊಂಬಿನ ಕಲ್ಪಿತ ಮೃಗವಾಗಿಸಿದನು. ಯಾಜಕಕಾಂಡದ ‘ಅಜಾಜೇಲ್’ ಎಂಬ ಶಬ್ದವನ್ನು ಹೋತಕ್ಕೆ ಸಂಬಂಧಿಸಿದ್ದೆಂದು ತಿಳಿದು ‘ಸ್ಕೇಪ್‌ಗೋಟ್’ ಎಂಬ ಹೊಸ ಶಬ್ದವನ್ನೇ ಸೃಷ್ಟಿಸಿದನು. ಅದೊಂದು ಅಂಕಿತನಾಮವೆಂಬುದು ಇಂದಿನ ಹಲವು ವಿದ್ವಾಂಸರ ಅಭಿಪ್ರಾಯ. ಆದರೇನು, ಅನ್ಯರ ತಪ್ಪಿಗೆ ಬಲಿಯಾಗುವವನು ಎಂಬ ಅರ್ಥದಲ್ಲಿ ಆ ಶಬ್ದ ಇಂಗ್ಲಿಷಿನಲ್ಲಿ ಶಾಶ್ವತವಾಗಿ ನೆಲೆಯೂರಿದೆ. ಹೊಸ ಒಡಂಬಡಿಕೆಯಲ್ಲಿ ಯೆಹೂದ್ಯರ ಪಸ್ಕ ಹಬ್ಬವನ್ನು ‘ಈಸ್ಟರ್’ ಎಂದು ಕರೆದದ್ದು ಮತ್ತೊಂದು ಪ್ರಮಾದ. ಕಾಲಕ್ಕೆ ಹೊಂದದ ಆ ಹೆಸರು ಅಪೊಸ್ತಲರ ಕೃತ್ಯಗಳ ಒಂದು ಸ್ಥಳದಲ್ಲಿ 1611ರ ಬೈಬಲಿನಲ್ಲಿಯೂ ಉಳಿದುಹೋಯಿತು. ಪಸ್ಕಕ್ಕೆ ಇಂದು ಎಲ್ಲರೂ ಬಳಸುವ ‘ಪಾಸೋವರ್’ ಎಂಬ ಶಬ್ದವನ್ನು ತನ್ನ ಹಳೆಯ ಒಡಂಬಡಿಕೆಯಲ್ಲಿ ರಚಿಸಿದವನೂ ಅವನೇ.

ಇನ್ನೊಂದು ಸಂಗತಿ ಬಹಳ ವಿಚಾರಾರ್ಹ. ನಂತರ ಬಂದುದೆಲ್ಲ ಹೆಚ್ಚು ಶುದ್ಧವೆಂದು ನಾವು ಭಾವಿಸುತ್ತೇವೆ. ಹಾಗೇನಿಲ್ಲ. ಯೋಹಾನನ ಸುವಾರ್ತೆಯಲ್ಲಿ ಕುರುಬನೊಬ್ಬನೇ, ಮಂದೆಯೊಂದೇ ಎಂಬ ಅರ್ಥವನ್ನು ಟಿಂಡೇಲನು ಸರಿಯಾಗಿ ತಂದಿದ್ದನು. 1611ರವರು ಲ್ಯಾಟಿನ್ನಿನ ಪ್ರಭಾವದಿಂದ ಮಂದೆಯನ್ನು ದೊಡ್ಡಿಯಾಗಿಸಿದರು. ಮತ್ತಾಯನಲ್ಲಿ ಸೊಳ್ಳೆಯನ್ನು ಸೋಸಿ ತೆಗೆದು ಒಂಟೆಯನ್ನು ನುಂಗುವವರ ಮಾತಿದೆ. ಟಿಂಡೇಲನಲ್ಲಿ ಅದು ಸರಿಯಾಗಿದೆ. 1611ರಲ್ಲಿ ಒಂದು ಉಪಸರ್ಗ ವ್ಯತ್ಯಾಸವಾಗಿ ಅರ್ಥ ಮಬ್ಬಾಗಿದೆ. ಕೊರಿಂಥದವರಿಗೆ ಬರೆದ ಪತ್ರಿಕೆಯ ಪ್ರಸಿದ್ಧ ಅಧ್ಯಾಯದಲ್ಲಿ ಟಿಂಡೇಲನ ‘ಲವ್’ 1611ರಲ್ಲಿ ‘ಚಾರಿಟಿ’ಯಾಯಿತು. 1881ರಲ್ಲಿ ಹೊಸ ಒಡಂಬಡಿಕೆಯ ಪರಿಷ್ಕೃತ ಇಂಗ್ಲಿಷ್ ಆವೃತ್ತಿ ಬಂದಾಗ ಈ ಮೂರೂ ಸ್ಥಳಗಳಲ್ಲಿ ವಿದ್ವಾಂಸರು ಟಿಂಡೇಲನ ಅರ್ಥಕ್ಕೇ ಮರಳಿದರು. ಮುನ್ನೂರೈವತ್ತು ವರ್ಷಗಳ ಹಿಂದೆ ಸುಟ್ಟ ಪುಸ್ತಕವೇ ಸರಿಯಾಗಿತ್ತು.

ಸೆರೆಮನೆಯ ಕತ್ತಲು

1530ರಲ್ಲಿ ಮೋಶೆಯ ಐದು ಗ್ರಂಥಗಳನ್ನೂ, 1531ರಲ್ಲಿ ಯೋನನ ಗ್ರಂಥವನ್ನೂ ಹೀಬ್ರೂವಿನಿಂದ ಇಂಗ್ಲಿಷಿಗೆ ತಂದ ಟಿಂಡೇಲನು ಆಂಟ್‌ವರ್ಪಿನಲ್ಲಿ ಇಂಗ್ಲಿಷ್ ವರ್ತಕರ ನಿವಾಸದಲ್ಲಿ ಥಾಮಸ್ ಪಾಯಿಂಟ್ಜ್ ಎಂಬಾತನ ಆಶ್ರಯದಲ್ಲಿದ್ದನು. 1535ರಲ್ಲಿ ಹೆನ್ರಿ ಫಿಲಿಪ್ಸ್ ಎಂಬ ತರುಣನು ಸ್ನೇಹ ನಟಿಸಿ, ಅವನಿಂದಲೇ ಹಣವನ್ನು ಸಾಲ ಪಡೆದು, ಊಟಕ್ಕೆಂದು ಹೊರಗೆ ಕರೆದೊಯ್ದು ಚಕ್ರವರ್ತಿಯ ಭಟರಿಗೆ ಹಿಡಿದುಕೊಟ್ಟನು. ಬಿಡಿಸಲು ಓಡಾಡಿದ ಪಾಯಿಂಟ್ಜನು ತಾನೂ ಬಂಧಿತನಾಗಿ, ಹೇಗೋ ತಪ್ಪಿಸಿಕೊಂಡು, ವ್ಯಾಪಾರವನ್ನೆಲ್ಲ ಕಳೆದುಕೊಂಡನು.

ಬ್ರಸೆಲ್ಸ್ ಸಮೀಪದ ವಿಲ್‌ವೋರ್ಡ್ ಕೋಟೆಯಲ್ಲಿ ಟಿಂಡೇಲನು ಸುಮಾರು ಐನೂರು ದಿನ ಸೆರೆಯಲ್ಲಿದ್ದನು. ಅಲ್ಲಿಂದ ಅವನು ಲ್ಯಾಟಿನ್ನಿನಲ್ಲಿ ಬರೆದ ಒಂದು ಪತ್ರ ಇಂದಿಗೂ ಉಳಿದಿದೆ. ಚಳಿಗಾಲಕ್ಕೆ ಬೆಚ್ಚನೆಯ ಟೋಪಿ, ಹರಿದ ಉಡುಪಿಗೆ ತೇಪೆ ಹಾಕಲು ಬಟ್ಟೆಯ ತುಂಡು, ಸಂಜೆಗೆ ಒಂದು ದೀಪ ಇಷ್ಟನ್ನು ಕೇಳಿದ್ದಾನೆ. ಎಲ್ಲಕ್ಕಿಂತ ಮಿಗಿಲಾಗಿ ಹೀಬ್ರೂ ಬೈಬಲ್, ಹೀಬ್ರೂ ವ್ಯಾಕರಣ ಮತ್ತು ನಿಘಂಟುಗಳನ್ನು ಬೇಡಿದ್ದಾನೆ. ಸಾವು ಎದುರಿಗಿದ್ದಾಗಲೂ ಆತನಿಗೆ ಬೇಕಿದ್ದುದು ನಿಘಂಟು. ಇದನ್ನು ಓದಿದಾಗ ನಮ್ಮ ಕಣ್ಣು ತೇವಗೊಂಡಿತೆಂದು ಹೇಳಲು ಸಂಕೋಚವಿಲ್ಲ.

ಇತ್ತ ಅವನ ಪ್ರತಿವಾದಿ ಥಾಮಸ್ ಮೋರನೂ ದೊರೆ ಎಂಟನೆಯ ಹೆನ್ರಿಯನ್ನು ಚರ್ಚಿನ ಮುಖ್ಯಸ್ಥನೆಂದು ಒಪ್ಪದೆ 1535ರ ಜುಲೈಯಲ್ಲಿ ಶಿರಚ್ಛೇದಕ್ಕೆ ಗುರಿಯಾದನು. ಒಬ್ಬರನ್ನೊಬ್ಬರು ತಪ್ಪೆಂದು ಸಾರಿದ ಇಬ್ಬರೂ ತಂತಮ್ಮ ಅಂತಃಸಾಕ್ಷಿಗಾಗಿ ಪ್ರಾಣ ತೆತ್ತರು. 1536ರ ಅಕ್ಟೋಬರಿನಲ್ಲಿ ಟಿಂಡೇಲನನ್ನು ಕಂಬಕ್ಕೆ ಕಟ್ಟಿ, ಕತ್ತು ಬಿಗಿದು ಕೊಂದು, ದೇಹವನ್ನು ಸುಡಲಾಯಿತು. ಇಂಗ್ಲೆಂಡಿನ ದೊರೆಯ ಕಣ್ಣು ತೆರೆಸೆಂದು ದೇವರನ್ನು ಬೇಡಿದ್ದೇ ಅವನ ಕೊನೆಯ ಮಾತೆಂದು ಪರಂಪರೆ ಹೇಳುತ್ತದೆ.

ಅಳಿಯದ ಉಳಿಕೆ

ಮರುವರ್ಷವೇ, 1537ರಲ್ಲಿ, ಅವನ ಅನುವಾದವನ್ನು ಒಳಗೊಂಡ ‘ಮ್ಯಾಥ್ಯೂ ಬೈಬಲ್’ ದೊರೆಯ ಪರವಾನಗಿಯೊಡನೆ ಹೊರಬಂದಿತು. ಅವನ ಹೆಸರು ಮಾತ್ರ ಮುಖಪುಟದಲ್ಲಿರಲಿಲ್ಲ. ಅದನ್ನೇ ತಿದ್ದಿ ಸಿದ್ಧಪಡಿಸಿದ ‘ಗ್ರೇಟ್ ಬೈಬಲ್’ 1539ರಲ್ಲಿ ಪ್ರಕಟವಾಗಿ ಇಂಗ್ಲೆಂಡಿನ ಚರ್ಚುಗಳಲ್ಲಿ ಸ್ಥಾನ ಪಡೆಯಿತು. ಅದರ 1541ರ ಮುದ್ರಣವೊಂದನ್ನು ಪರಿಶೀಲಿಸಿದವರೆಂದು ಮುಖಪುಟದಲ್ಲಿ ಇಬ್ಬರು ಬಿಷಪ್ಪರ ಹೆಸರುಗಳಿವೆ. ಅವರಲ್ಲೊಬ್ಬನು ಅದೇ ಕತ್ಬರ್ಟ್ ಟನ್‌ಸ್ಟಾಲ್! 2000 ತಪ್ಪುಗಳನ್ನು ಕಂಡಿದ್ದ ಕಣ್ಣುಗಳೇ ಬಹುಮಟ್ಟಿಗೆ ಅದೇ ಮಾತುಗಳಿಗೆ ಮುದ್ರೆಯೊತ್ತಿದವು. 1611ರ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕ ಶಬ್ದಗಳು ಟಿಂಡೇಲನವೇ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ.

ಕನ್ನಡಿಗರಾದ ನಮಗೂ ಈ ಕಥೆ ದೂರದ್ದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆಸಿ ಕನ್ನಡ ಕಲಿತು ಬೈಬಲನ್ನು ಕನ್ನಡಿಸಿದನು. 1831ರಲ್ಲಿ ಅದು ಪೂರ್ಣಗೊಂಡಿತು. ಅದೂ ಮುಂದೆ ಹಲವು ಬಾರಿ ಪರಿಷ್ಕಾರಗೊಂಡಿತು. ನಮ್ಮ ಕ್ರೈಸ್ತ ಬಂಧುಗಳು ಓದುವ ‘ಸತ್ಯವೇದ’ವನ್ನು ತೆರೆದು ನೋಡಿದರೆ, ಟಿಂಡೇಲನ ಪ್ರಾಣಕ್ಕೆ ಮುಳುವಾದ ಶಬ್ದಗಳು ಅಲ್ಲಿ ಕನ್ನಡದಲ್ಲಿ ನಿಶ್ಚಿಂತೆಯಿಂದ ಕುಳಿತಿವೆ: ಸಭೆ, ಹಿರಿಯರು, ಪ್ರೀತಿ. ಈ ಶಬ್ದಗಳಿಗಾಗಿ ಒಬ್ಬ ಮನುಷ್ಯನನ್ನು ಸುಟ್ಟರೆಂದರೆ ಇಂದು ನಂಬುವುದು ಕಷ್ಟ.

ಹಳೆಯ ಇಂಗ್ಲಿಷ್ ಅನುವಾದಗಳಲ್ಲಿ ತಪ್ಪುಗಳಿವೆಯೇ? ಇವೆ. ಮೂಲಪಾಠದ ಕೊರತೆಯಿಂದ ಬಂದವು ಕೆಲವು, ಅಂದಿನ ಜ್ಞಾನದ ಮಿತಿಯಿಂದ ಬಂದವು ಕೆಲವು, ಅಚ್ಚಿನ ಮನೆಯಲ್ಲಿ ಹುಟ್ಟಿದವು ಕೆಲವು. 1631ರ ಮುದ್ರಣವೊಂದರಲ್ಲಿ ವ್ಯಭಿಚಾರ ಕೂಡದೆಂಬ ಆಜ್ಞೆಯ ನಿಷೇಧಪದವೇ ಬಿಟ್ಟುಹೋಗಿ, ಮುದ್ರಕರು 300 ಪೌಂಡ್ ದಂಡಕ್ಕೆ ಗುರಿಯಾದುದೂ ಉಂಟು. ಆದರೆ ಅಧಿಕಾರವು ತನಗೆ ಹಿಡಿಸದ ಸರಿಯಾದ ಶಬ್ದವನ್ನು ತಪ್ಪೆಂದು ಕರೆಯುವುದೂ ಉಂಟು. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕ ನಮಗಿರಬೇಕು. ತನ್ನ ತಪ್ಪನ್ನು ತಾನೇ ಹುಡುಕಿ, ವಿರೋಧಿಯಿಂದಲೂ ಕಲಿತು, ಕಡೆಯ ಚಳಿಗಾಲದಲ್ಲಿಯೂ ನಿಘಂಟನ್ನು ಬೇಡಿದ ಟಿಂಡೇಲನಿಗೆ ನಮ್ಮ ಗೌರವಪೂರ್ವಕ ನಮನಗಳು.